ಬೂಸ್ಟರ್ ಬಿಚ್ಚುವ ಮೊದಲು ಪೈಪ್ ನೋಡಿ

ಮಾನ್ಯ ಸಂಪಾದಕರೇ,

ತುಮಕೂರಿನಲ್ಲಿ ನನ್ನದು ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಹಳೇ ಝೆನ್, ಎಸ್ಟೀಮ್ ಇಟ್ಟುಕೊಂಡವರೇ ಗಿರಾಕಿಗಳಲ್ಲಿ ಜಾಸ್ತಿ. ಈಚೆಗೆ ಅವರಲ್ಲಿ ಕೆಲವರು ಒಂದು ವಿಚಿತ್ರ ಚೀಟಿ ಹಿಡಿದು ಬರುತ್ತಾರೆ: ಸಣ್ಣ ಬೋರಿನ (ಒಳವ್ಯಾಸದ) ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ, ಬ್ರೇಕ್ ಆಯಿಲ್, ನಾಲ್ಕು ಬೋಲ್ಟು. ಏನು ಕೆಲಸ ಅಂತ ಕೇಳಿದರೆ, "ಬೂಸ್ಟರ್ ತೆಗೆಸಿ ಡೈರೆಕ್ಟ್ ಬ್ರೇಕ್ ಮಾಡಿಸ್ತಿದೀನಿ ಅಣ್ಣ" ಅನ್ನುತ್ತಾರೆ. ಅಂದರೆ ಬೂಸ್ಟರಿನ ಸಹಾಯವಿಲ್ಲದೆ ಬರೀ ಕಾಲಿನ ಬಲದಲ್ಲೇ ಹಿಡಿಯುವ ಬ್ರೇಕ್. ಇನ್ನು ಕೆಲವರು ಮಾಸ್ಟರ್ ಸಿಲಿಂಡರನ್ನೂ ಕೇಳುವುದಿಲ್ಲ. ಬೂಸ್ಟರ್ ಮಾತ್ರ ಗುಜರಿಗೆ, ಉಳಿದದ್ದೆಲ್ಲ ಹಳೆಯದೇ. ಈ ಎರಡನೇ ಗುಂಪಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬಾನೆಟ್ ಎತ್ತಿದರೆ ಡ್ರೈವರ್ ಬದಿಯಲ್ಲಿ ಒಂದು ಕಪ್ಪು ತಗಡಿನ ದುಂಡನೆ ಡಬ್ಬ ಕಾಣುತ್ತದೆ. ಅದೇ ಬೂಸ್ಟರ್. ಒಳಗೆ ರಬ್ಬರಿನ ಪರದೆ ಇರುತ್ತದೆ. ಎಂಜಿನ್ ಒಂದು ಪೈಪಿನ ಮೂಲಕ ಪರದೆಯ ಎರಡೂ ಕಡೆಯ ಗಾಳಿ ಎಳೆದುಕೊಂಡಿರುತ್ತದೆ. ನಾವು ಪೆಡಲ್ ಒತ್ತಿದಾಗ ಒಂದು ಕಡೆಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ತಳ್ಳುತ್ತದೆ. ಏಳು ಇಂಚಿನ ಬೂಸ್ಟರ್ ಆದರೆ ಹೀಗೆ 150 ಕಿಲೋಗೂ ಮೀರಿದ ತಳ್ಳುವಿಕೆ ನಮ್ಮ ಕಾಲಿನ ಬಲದ ಜೊತೆಗೆ ಪುಕ್ಕಟೆ ಸಿಗುತ್ತದೆ. ಎಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲು. ದೇವರಾಯನದುರ್ಗದಿಂದ ಇಳಿಯುವಾಗ ಪೆಟ್ರೋಲ್ ಉಳಿಸೋಣ ಅಂತ ಕೀ ಆಫ್ ಮಾಡುವ ಮಹಾನುಭಾವರು ಇದನ್ನು ದಯವಿಟ್ಟು ಎರಡು ಸಲ ಓದಲಿ.

ಬೂಸ್ಟರ್ ತೆಗೆಸುವವರ ಕಥೆ ಸಾಮಾನ್ಯವಾಗಿ ಶುರುವಾಗುವುದೇ ಪೆಡಲ್ ಗಟ್ಟಿಯಾಯಿತು ಅಂತ. ಗ್ಯಾರೇಜಿನಲ್ಲಿ "ಬೂಸ್ಟರ್ ಹೋಗಿದೆ, ಈ ಗಾಡಿಗೆ ಈಗ ಒರಿಜಿನಲ್ ಸಿಗಲ್ಲ, ತೆಗೆದುಬಿಡೋಣ" ಅನ್ನುತ್ತಾರೆ. ಎಷ್ಟೋ ಸಲ ಬೂಸ್ಟರ್ ಚೆನ್ನಾಗಿಯೇ ಇರುತ್ತದೆ. ಎಂಜಿನ್‌ನಿಂದ ಬರುವ ರಬ್ಬರ್ ಪೈಪ್ ಬಿಸಿಲಿಗೆ, ಶಾಖಕ್ಕೆ ಸೀಳಿರುತ್ತದೆ. ಇಲ್ಲವೇ ಗಾಳಿ ವಾಪಸ್ ಬರದಂತೆ ತಡೆಯುವ ಸಣ್ಣ ವಾಲ್ವ್ ಕೆಟ್ಟಿರುತ್ತದೆ. ಪೈಪ್ ಸೀಳಿದ್ದರೆ ಎಂಜಿನ್ ಐಡಲಿಂಗ್ ಕೂಡ ಏರುಪೇರಾಗುತ್ತದೆ, ಸುಳಿವು ಅಲ್ಲೇ ಇದೆ.

ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಕಾಲು ಹಾಗೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಮೊದಲು ಪೈಪ್, ಆಮೇಲೆ ವಾಲ್ವ್, ಕೊನೆಗೆ ಬೂಸ್ಟರ್ ನೋಡಬೇಕು. ಇವನು ಬೂಸ್ಟರ್ ಮಾರುವವನು, ಇನ್ನೇನು ಹೇಳ್ತಾನೆ ಅಂತ ಅಂದುಕೊಳ್ಳುವವರೂ ಇರುತ್ತಾರೆ. ಸ್ವಾಮಿ, ಪೈಪ್ ಮಾರಿದರೆ ನನಗೆ ಸಿಗುವುದು ಒಂದು ಟೀ ದುಡ್ಡು. ಡೈರೆಕ್ಟ್ ಮಾಡಿಸುವವರಿಗೆ ಮಾಸ್ಟರ್ ಸಿಲಿಂಡರ್ ಮಾರಿದರೇ ಲಾಭ ಜಾಸ್ತಿ.

ಇನ್ನು ಹುಡುಗರ ವಾದ ಬೇರೆ. "ನಮ್ಮ ತಾತನ ಅಂಬಾಸಡರ್‌ಗೆ ಬೂಸ್ಟರ್ ಇತ್ತಾ ಅಣ್ಣ? ನಿಲ್ತಿರಲಿಲ್ವಾ?" ಒಳ್ಳೇ ಪ್ರಶ್ನೆ. ಇರಲಿಲ್ಲ, ನಿಲ್ಲುತ್ತಿತ್ತು. ಪದ್ಮಿನಿಯೂ ಹಾಗೆಯೇ. ಆದರೆ ಆ ಗಾಡಿಗಳ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ತಿರುಗುತ್ತಲೇ ಮುಂದಿನ ಲೈನರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಬಾಗಿಲ ಕೆಳಗೆ ಬೆಣೆ ತುರುಕಿದರೆ ಬಾಗಿಲು ತಳ್ಳಿದಷ್ಟೂ ಬಿಗಿಯಾಗುತ್ತದಲ್ಲ, ಹಾಗೆ. ಅರ್ಧ ಕೆಲಸ ಡ್ರಮ್ಮೇ ಮಾಡಿಕೊಡುತ್ತಿತ್ತು. ಡಿಸ್ಕಿಗೆ ಈ ಗುಣ ಇಲ್ಲ. ಪ್ಯಾಡು ಎಷ್ಟು ಒತ್ತಿದರೆ ಅಷ್ಟೇ ಹಿಡಿತ. ಅದಕ್ಕೇ 1994ರಲ್ಲಿ ಬಂದ ಎಸ್ಟೀಮ್‌ನಂಥ ಗಾಡಿಗೆ ಮುಂದೆ ಡಿಸ್ಕ್ ಕೊಟ್ಟವರು ಬೂಸ್ಟರನ್ನೂ ಕೊಟ್ಟಿದ್ದಾರೆ, ಅಂದಕ್ಕಲ್ಲ.

ಬೂಸ್ಟರ್ ಕೈಕೊಟ್ಟರೆ ಬ್ರೇಕೇ ಇರಲ್ಲ ಅನ್ನುವ ಭಯವೂ ಕೆಲವರಿಗಿದೆ. ಹಾಗಾಗುವುದಿಲ್ಲ. ಬ್ರೇಕ್ ಇರುತ್ತದೆ, ಕಾಲಿನ ಬಲ ಮಾತ್ರ ಬಹಳ ಬೇಕಾಗುತ್ತದೆ. ಹಾಗಾದರೆ ಬೇರೇನೂ ಬದಲಿಸದೆ ಬರೀ ಬೂಸ್ಟರ್ ತೆಗೆಸಿದವರು ಮಾಡಿದ್ದೇನು? ಕೆಟ್ಟ ಬೂಸ್ಟರಿನ ಗಾಡಿಯನ್ನೇ ಖಾಯಂ ಮಾಡಿಕೊಂಡರು, ಅಷ್ಟೇ ಅಲ್ವಾ?

ಸರಿಯಾಗಿ ಮಾಡುವ ದಾರಿ ಇದೆ, ಸುಲಭವಿಲ್ಲ. ಬೂಸ್ಟರ್ ಇರುವ ಗಾಡಿಯ ಪೆಡಲ್ ಕಾಲಿನ ಬಲವನ್ನು ಹೆಚ್ಚುಕಡಿಮೆ 4 ಪಟ್ಟು ಮಾಡುತ್ತದೆ. ಡೈರೆಕ್ಟ್ ಬ್ರೇಕಿಗೆ 6 ಪಟ್ಟಿನಷ್ಟು ಬೇಕು. ಅಂದರೆ ಪುಷ್ ರಾಡ್ (ಪೆಡಲಿನ ಬಲವನ್ನು ಮುಂದಕ್ಕೆ ತಳ್ಳುವ ಕಡ್ಡಿ) ಕೂರುವ ತೂತು ಪೆಡಲಿನಲ್ಲಿ ಮೇಲಕ್ಕೆ ಹೋಗಬೇಕು, ಅಥವಾ ಪೆಡಲೇ ಬೇರೆ ಆಗಬೇಕು. ಮಾಸ್ಟರ್ ಸಿಲಿಂಡರಿನ ಬೋರ್ 20.6 ಮಿ.ಮೀ. ಇದ್ದದ್ದನ್ನು 19ಕ್ಕೆ ಇಳಿಸಿದರೆ ಅದೇ ಬಲಕ್ಕೆ ಒತ್ತಡ ಸುಮಾರು ಶೇ 17 ಏರುತ್ತದೆ. ಇವೆರಡೂ ಸೇರಿದಾಗ ಪೆಡಲ್ ಮೊದಲಿಗಿಂತ ಬಹಳ ಆಳಕ್ಕೆ ಹೋಗುತ್ತದೆ. ಲೈನಿನಲ್ಲಿ ಚೂರು ಏರ್ ಉಳಿದರೂ ನೆಲ ಮುಟ್ಟುತ್ತದೆ. ಇಷ್ಟೆಲ್ಲ ಮಾಡಿದರೂ ಬೂಸ್ಟರಿನಷ್ಟು ಸಹಾಯ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಮಣ್ಣು ರಸ್ತೆಗಳಲ್ಲಿ ಕೆ-1000 ಕಾರ್ ರ‍್ಯಾಲಿ ನೋಡಿ ಬಂದ ಹುಡುಗರು, ರೇಸಿನವರು ಬೂಸ್ಟರ್ ಇಟ್ಟುಕೊಳ್ಳಲ್ಲ ಅನ್ನುತ್ತಾರೆ. ಕೆಲವು ರೇಸ್ ಗಾಡಿಗಳಲ್ಲಿ ಇರುವುದಿಲ್ಲ, ನಿಜ. ಅವರ ಪೆಡಲ್, ಸಿಲಿಂಡರ್, ಪ್ಯಾಡ್ ಎಲ್ಲ ಅದಕ್ಕೇ ಲೆಕ್ಕ ಹಾಕಿ ಕೂರಿಸಿದ್ದು. ಜೊತೆಗೆ ಆ ಗಾಡಿಯನ್ನು ಅಜ್ಜಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸುವುದಿಲ್ಲ.

ನನಗೆ ಜಾಸ್ತಿ ಕಾಡುವುದೇ ಇದು. ಕೆಲಸ ಮುಗಿದ ಮೇಲೆ ಟ್ರಯಲ್ ನೋಡುವವನು ಗ್ಯಾರೇಜಿನ ಗಟ್ಟಿ ಆಳು. ಅವನ ಕಾಲಿಗೆ ಗಾಡಿ ನಿಲ್ಲುತ್ತದೆ. ಅದೇ ಗಾಡಿಯನ್ನು ಮನೆಯಲ್ಲಿ ಮಂಡಿ ನೋವಿನ ಅಪ್ಪ ಓಡಿಸುತ್ತಾರೆ, ಈಗಷ್ಟೇ ಲೈಸೆನ್ಸ್ ಪಡೆದ ಮಗಳು ಕ್ಯಾತಸಂದ್ರದ ಹತ್ತಿರ ಹೈವೇಗೆ ಇಳಿಸುತ್ತಾಳೆ. ಮುಂದಿನ ಲಾರಿ ತಟ್ಟನೆ ನಿಂತಾಗ ಆ ಕಾಲುಗಳಿಗೆ ಎಷ್ಟು ಬಲ ಇರುತ್ತದೆ ಅಂತ ಯಾರೂ ಟ್ರಯಲ್ ನೋಡಿರುವುದಿಲ್ಲ.

ಕಾನೂನೂ ಇದರ ಪರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂದಿದೆ.

ಸಾರಿಗೆ ಇಲಾಖೆಗೆ ಒಂದು ಮನವಿ. ಹದಿನೈದು ವರ್ಷ ದಾಟಿದ ಕಾರುಗಳು ಐದೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಬರುತ್ತವೆ. ಆಗ ಬಾನೆಟ್ ಎತ್ತಿ ಬೂಸ್ಟರ್ ಜಾಗ ಖಾಲಿ ಇದೆಯಾ ನೋಡಲಿ, ಮೇಲೆ ಹೇಳಿದ ಪೆಡಲ್ ಪರೀಕ್ಷೆ ಮಾಡಲಿ. ಒಂದು ನಿಮಿಷದ ಕೆಲಸ.

ಈಗಾಗಲೇ ಡೈರೆಕ್ಟ್ ಮಾಡಿಸಿ, ಪುಷ್ ರಾಡನ್ನು ವೆಲ್ಡಿಂಗ್ ಹಾಕಿಸಿ ಉದ್ದ ಮಾಡಿಸಿಕೊಂಡವರು ಮಾತ್ರ ಗಾಡಿಯನ್ನು ತಡಮಾಡದೆ ತಿಳಿದವರಿಗೆ ತೋರಿಸಿ. ರಾಡ್ ಮತ್ತು ಪಿಸ್ಟನ್ ನಡುವೆ ಒಂದು ಮಿ.ಮೀ.ನಷ್ಟಾದರೂ ಸಡಿಲ ಇರಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗಲ್ಲ, ಬ್ರೇಕ್ ಹಿಡಿದುಕೊಂಡೇ ಓಡಿ ಚಕ್ರ ಕಾಯುತ್ತದೆ. ಸ್ವಲ್ಪ ದೂರ ಓಡಿಸಿ ಇಳಿದು, ರಿಮ್ಮಿನ ಹತ್ತಿರ ಕೈ ತಂದು ನೋಡಿ. ಮುಟ್ಟಬೇಡಿ, ಶಾಖ ದೂರದಿಂದಲೇ ಗೊತ್ತಾಗುತ್ತದೆ.

– ಒಬ್ಬ ಸ್ಪೇರ್ ಪಾರ್ಟ್ಸ್ ವ್ಯಾಪಾರಿ, ತುಮಕೂರು