ಮೆದುಳಿನ ರಕ್ತಸ್ರಾವ ಆದವರ ಮನೆಯವರಿಗೆ

ಎಲ್ಲರಿಗೂ ನಮಸ್ಕಾರ. "ಮೊದಲ ದಿನ ಮಾತಾಡಿದ್ರು, ಮೂರನೇ ದಿನ ಯಾಕೆ ಇಷ್ಟು ಮಂಪರು?" ಅಂತ ಇಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೀರಿ. ಅನೇಕ ಸಲ ಇದಕ್ಕೆ ಊತವೇ ಕಾರಣ.

ಮೆದುಳಿನೊಳಗೆ ರಕ್ತ ಹೆಪ್ಪುಗಟ್ಟಿದ ಮೇಲೆ ಅದರ ಸುತ್ತ ನೀರು ತುಂಬಿ ಊದಿಕೊಳ್ಳುತ್ತದೆ. ಮೊದಲ 2-3 ದಿನ ಬೇಗ ಏರುತ್ತದೆ, ಆಮೇಲೂ ಒಂದೆರಡು ವಾರ ನಿಧಾನವಾಗಿ ಬೆಳೆಯಬಹುದು. ಹೆಪ್ಪಿನಲ್ಲಿರುವ ಕೆಂಪು ರಕ್ತಕಣ ಒಡೆದು ಕಬ್ಬಿಣದ ಅಂಶ ಹೊರಬಂದಾಗ ಪಕ್ಕದ ಜೀವಕೋಶಗಳೂ ಹಾಳಾಗುತ್ತವೆ. ತಲೆಬುರುಡೆ ಹಿಗ್ಗುವುದಿಲ್ಲ ಅಲ್ವಾ, ಒಳಗಿನ ಒತ್ತಡ ಜಾಸ್ತಿಯಾಗುತ್ತದೆ.

ನರ್ಸ್ ಆಗಾಗ ಎಬ್ಬಿಸಿ ಕಣ್ಣಿಗೆ ಟಾರ್ಚ್ ಬಿಡುವುದು ಇದಕ್ಕೇ. ಎರಡೂ ಕಣ್ಣಿನ ಪಾಪೆ ಒಂದೇ ಅಳತೆ ಇದೆಯಾ, ಬೆಳಕಿಗೆ ಕುಗ್ಗುತ್ತದಾ ಅಂತ ನೋಡುತ್ತಾರೆ. ದಯವಿಟ್ಟು "ಮಲಗಲಿ ಬಿಡಿ" ಅನ್ನಬೇಡಿ. ಮಂಚದ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿರುತ್ತಾರೆ. ಪಾಪ, ಕತ್ತು ನೋಯುತ್ತದೆ ಅಂತ ನೀವೇ ಇಳಿಸಬೇಡಿ. ಮ್ಯಾನಿಟಾಲ್ ಡ್ರಿಪ್ ಹಾಕಿದರೆ ಅದು ಊತದ ನೀರು ಎಳೆಯಲು.

ಇನ್ನೊಂದು ಮಾತು. ಡಾಕ್ಟರ್ ಹೇಳುವ ತನಕ ಚಮಚದಲ್ಲಿ ಎಳನೀರು ಕೂಡ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು.

ವಾಂತಿ ಶುರುವಾದರೆ, ಕರೆದರೆ ಕಣ್ಣು ಬಿಡುವುದು ಕಡಿಮೆಯಾದರೆ, ನಿನ್ನೆ ಎತ್ತಿದ ಕೈ ಇವತ್ತು ಏಳದಿದ್ದರೆ ತಕ್ಷಣ ನರ್ಸ್‌ಗೆ ಹೇಳಿ. ರೌಂಡ್ಸ್ ಬರಲಿ ಅಂತ ಕಾಯಬೇಡಿ.