ಮಗುವಿನ ಹೃದಯದ ರಂಧ್ರ: ಆ ಫಾರ್ವರ್ಡ್ ಮೆಸೇಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದರೆ ಮಗುವಿನ ಹೃದಯದಲ್ಲಿ ರಂಧ್ರ ಆಗುತ್ತದೆ ಎಂಬ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಸುಮ್ನೆ ತಾಯಂದಿರನ್ನು ಹೆದರಿಸುವ ಮಾತು ಅದು.

ಹುಟ್ಟುವ 100 ಮಕ್ಕಳಲ್ಲಿ ಸುಮಾರು ಒಂದಕ್ಕೆ ರಂಧ್ರದಂಥ ಹೃದಯದ ತೊಂದರೆ ಹುಟ್ಟಿನಿಂದಲೇ ಇರುತ್ತದೆ. ಎಷ್ಟೋ ಸಲ ಕಾರಣ ಇದೇ ಎಂದು ಹೇಳಲು ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಜೀನ್ ಅಥವಾ ಕ್ರೋಮೋಸೋಮಿನ (ಜೀನ್ ಹೊತ್ತಿರುವ ಎಳೆ) ಬದಲಾವಣೆ ಸಿಗುತ್ತದೆ. ಡೌನ್ ಸಿಂಡ್ರೋಮ್ (21ನೇ ಕ್ರೋಮೋಸೋಮ್ ಹೆಚ್ಚಾಗಿರುವುದು) ಇರುವ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧ ಮಕ್ಕಳಿಗೆ ಹೃದಯದ ತೊಂದರೆಯೂ ಇರುತ್ತದೆ. ಅವರಿಗೆಲ್ಲ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಲೇಬೇಕು. 22ನೇ ಕ್ರೋಮೋಸೋಮಿನ ಒಂದು ಚೂರು ಇಲ್ಲದಿದ್ದರೂ ಹೃದಯದ ತೊಂದರೆ ಆಗಬಹುದು.

ನಮ್ಮ ಕೋಲಾರದ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಇನ್ನೂ ಪೂರ್ತಿ ನಿಂತಿಲ್ಲ, ಅಲ್ವಾ? ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಈ ಅಪಾಯ ಸ್ವಲ್ಪ ಜಾಸ್ತಿ. ಆಗಿಹೋದ ಮದುವೆಗೆ ಈಗ ಯಾರನ್ನೂ ಬೈಯಬೇಡಿ, ಸೊಸೆಯನ್ನಂತೂ ಬೇಡವೇ ಬೇಡ. ಡಾಕ್ಟರ ಹತ್ತಿರ ಮಾತ್ರ ವಿಷಯ ಮುಚ್ಚಿಡಬೇಡಿ. ಮೊದಲ ಮಗುವಿಗೆ ತೊಂದರೆ ಇದ್ದರೂ ಹೇಳಿ. 18ರಿಂದ 22ನೇ ವಾರದ ಒಳಗೆ ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನೂ ಎಕೋದಲ್ಲಿ ನೋಡಬಹುದು.

ಹಾಲು ಕುಡಿಯುವಾಗ ಮಗು ಬೆವರುತ್ತಿದೆಯೇ, ಏದುಸಿರು ಬಿಡುತ್ತಿದೆಯೇ, ತೂಕ ಏರುತ್ತಿಲ್ಲವೇ? ದೃಷ್ಟಿ ತೆಗೆಯುತ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ತುಟಿ, ನಾಲಿಗೆ ನೀಲಿಯಾದರೆ ಆಗಲೇ ಹೊರಡಿ. ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ, ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಾದ ಆರ್‌ಬಿಎಸ್‌ಕೆ ತಂಡ ಉಚಿತವಾಗಿ ತಪಾಸಣೆ ಮಾಡುತ್ತದೆ. ಅವರು ಬರುವ ದಿನವನ್ನು ಆಶಾ ಕಾರ್ಯಕರ್ತೆಯರು ಇಲ್ಲೇ ಹಾಕಿದರೆ ಉಪಕಾರ.