ಇಸ್ತ್ರಿ ಪೆಟ್ಟಿಗೆಯ ಅಕ್ಕನಿಗೆ

ನಮ್ಮ ವಾಲಿಬಾಲ್ ಕ್ಲಬ್ಬಿನ ಕತೆ ಕೊನೆಗೂ ಪುಸ್ತಕವಾಯಿತು. ಮೊನ್ನೆ ಅಂಕಣದಲ್ಲೇ, ನೆಟ್ಟಿನ ಪಕ್ಕ ಮೇಜು ಹಾಕಿ ಬಿಡುಗಡೆ ಮಾಡಿದೆವು. ಯಾಕೆ ಇಷ್ಟು ತಡವಾಯಿತು, ನಡುವೆ ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದೆಲ್ಲ ಕ್ಲಬ್ಬಿನವರಿಗೆ ಗೊತ್ತೇ ಇದೆ, ಬಿಡಿ. ಮೈಕ್ ಹಿಡಿದಾಗ ನನಗೆ ಸರಿಯಾಗಿ ಮಾತು ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆ ಫೋಟೊ ಹುಡುಕಿ ಕಳಿಸಿದ ಮುಂಬಯಿ, ದುಬೈ ಗೆಳೆಯರಿಗೆ, ಕಾಗುಣಿತ ತಿದ್ದಿದ ಮಾಸ್ಟ್ರಿಗೆ, ಅಚ್ಚಿನ ಖರ್ಚು ಹಂಚಿಕೊಂಡವರಿಗೆ, ಗೋಳಿಬಜೆ ಚಹಾ ನೋಡಿಕೊಂಡ ಹುಡುಗರಿಗೆ ವಂದನೆ. ನೀವೆಲ್ಲ ಬೇಜಾರು ಮಾಡಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿ ಕಡೆಯ ನಮ್ಮ ಸ್ವರ್ಣಾ ಹೊಳೆ ಉಕ್ಕಿ ಕ್ಲಬ್ಬಿನ ಕೋಣೆಗೆ ನುಗ್ಗಿತ್ತು. ಟ್ರೋಫಿಗಳೇನೋ ತೇಲಿಕೊಂಡು ಮೂಲೆ ಸೇರಿದ್ದವು, ತೊಳೆದರೆ ಆಯಿತು. ಆದರೆ ಕಪಾಟಿನ ಕೆಳಗಿನ ಅರೆಯಲ್ಲಿದ್ದ ನಾಲ್ಕು ರಿಜಿಸ್ಟರ್‌ಗಳು ನೆನೆದ ಅವಲಕ್ಕಿಯ ಹಾಗೆ ಊದಿಕೊಂಡಿದ್ದವು. ಸಭೆಯ ನಡಾವಳಿ, ಪಂದ್ಯಾಟದ ಸ್ಕೋರು, ಖರ್ಚು, ದಂಡ ಎಲ್ಲ ಅದರಲ್ಲೇ. ಅವುಗಳನ್ನು ಮೇಲಿನ ಅರೆಗೆ ಎತ್ತಿಡಿ ಅಂತ ಹಿರಿಯರು ನನಗೇ ಹೇಳಿದ್ದರು. ನಾಳೆ ಇಡುವಾ ಅಂದುಕೊಂಡಿದ್ದೆ.

ಆ ಸಂಜೆ ಒದ್ದೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಬಂದವರು ಬಟ್ಟೆ ಹೊಲಿಯುವ ಅಕ್ಕ. ಅವರ ಮನೆಯ ಅಂಗಳದವರೆಗೂ ನೀರು ಬಂದಿತ್ತು. "ಹೀಗೆ ಕೂತ್ರೆ ಒಣಗ್ತದಾ ಮಾರಾಯ? ತಾ ಇಲ್ಲಿ" ಅಂದರು.

ಕರೆಂಟ್ ಇರಲಿಲ್ಲ. ಅಟ್ಟದಿಂದ ಹಳೆಯ ಇಸ್ತ್ರಿ ಪೆಟ್ಟಿಗೆ ಇಳಿಸಿ ಗೆರಟೆಯ ಕೆಂಡ ತುಂಬಿದರು. ಒಂದು ಹಾಳೆ ಬಿಡಿಸುವುದು, ಮೇಲೆ ಕೆಳಗೆ ಪೇಪರ್ ಇಡುವುದು, ಅದರ ಮೇಲೆ ತೆಳು ಬಟ್ಟೆ, ಆಮೇಲೆ ಇಸ್ತ್ರಿ. ಬಿಸಿ ಜಾಸ್ತಿಯಾದರೆ ಹಾಳೆ ಸುರುಟುತ್ತದೆ, ಕಡಿಮೆಯಾದರೆ ಅಂಟಿಕೊಳ್ಳುತ್ತದೆ. ಅವರು ಬೆರಳಿಗೆ ನೀರು ಮುಟ್ಟಿಸಿ ಪೆಟ್ಟಿಗೆಗೆ ತಾಗಿಸಿ ನೋಡುತ್ತಿದ್ದರು. ನನ್ನ ಕೆಲಸ ಕೆಂಡ ಊದುವುದು, ಟಾರ್ಚ್ ಹಿಡಿಯುವುದು. ಬೆಳಗಾಗುವ ಹೊತ್ತಿಗೆ ಎರಡು ರಿಜಿಸ್ಟರ್ ಮುಗಿದಿತ್ತು. ಉಳಿದೆರಡು ಮಾರನೇ ರಾತ್ರಿ.

ಅಕ್ಕನ ಗಂಡ ನಮ್ಮ ತಂಡದ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ ಆಗಿದ್ದವರು. ಅವರು ಹೋಗಿ ಆಗಲೇ ಕೆಲವು ವರ್ಷ ಆಗಿತ್ತು. ನಡುರಾತ್ರಿ ಒಂದು ಹಾಳೆಯ ಮೇಲೆ ಅಕ್ಕನ ಕೈ ನಿಂತಿತು. ದಂಡದ ಪಟ್ಟಿ. ಪ್ರಾಕ್ಟೀಸಿಗೆ ತಡವಾಗಿ ಬಂದದ್ದಕ್ಕೆ ಐದು ರೂಪಾಯಿ, ಅಕ್ಕನ ಗಂಡನ ಹೆಸರು. "ಇವರು ಮನೆಗೂ ಲೇಟೇ" ಅಂತ ನಕ್ಕರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ನನಗೂ ತಲೆ ಎತ್ತಿ ನೋಡಲು ಆಗಲಿಲ್ಲ. ಕೆಂಡ ಆರುತ್ತಿತ್ತು, ಊದಿದೆ.

ಆ ಹಾಳೆಗಳು ಉಳಿಯದಿದ್ದರೆ ಪುಸ್ತಕವೇ ಇಲ್ಲ. ಬಾಲ್ ಪೆನ್ನಿನಲ್ಲಿ ಬರೆದದ್ದು ಗಟ್ಟಿಯಾಗಿ ನಿಂತಿತ್ತು, ಶಾಯಿ ಪೆನ್ನಿನದು ಹರಿದು ಹೋಗಿತ್ತು. ತಾರೀಕು ಅಳಿಸಿದ ಕಡೆ ಸ್ಕೋರೇ ದಾರಿ ತೋರಿಸಿತು. ಹಿಂದೆ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್, ಸೆಟ್ 15ಕ್ಕೆ ಮುಗಿಯುತ್ತಿತ್ತು ಅಲ್ವಾ? 1998ರ ಸುಮಾರಿಗೆ ಅಂತಾರಾಷ್ಟ್ರೀಯ ನಿಯಮ ಬದಲಾಗಿ ಪ್ರತಿ ರ‍್ಯಾಲಿಗೂ ಪಾಯಿಂಟ್, ಸೆಟ್ 25ಕ್ಕೆ ಎಂದಾಯಿತು. ಬೇರೆ ಬಣ್ಣದ ಜೆರ್ಸಿ ಹಾಕಿ ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಲಿಬೆರೊ ಬಂದದ್ದೂ ಆಗಲೇ. ಹಾಗಾಗಿ 15-12 ಇದ್ದರೆ ಹಳೆಯ ಪುಟ, 25-21 ಇದ್ದರೆ ಹೊಸದು. ಖರ್ಚಿನಲ್ಲಿ "ಬೇರೆ ಬಣ್ಣದ ಜೆರ್ಸಿ ಒಂದು" ಅಂತ ಸಿಕ್ಕಾಗಲಂತೂ ನಾನು ಕುಣಿದೇ ಬಿಟ್ಟೆ. (ನಿರ್ಣಾಯಕ ಸೆಟ್ ಈಗಲೂ 15ಕ್ಕೇ. ಅದನ್ನು ಮರೆತು ಒಂದು ಪುಟವನ್ನು ತಪ್ಪು ಅಧ್ಯಾಯಕ್ಕೆ ಸೇರಿಸಿದ್ದೇನೆ. ಕಂಡುಹಿಡಿದವರಿಗೆ ಚಹಾ.)

ಕ್ಲಬ್ ಶುರುವಾದ ದಿನದ ಪುಟ ಮಾತ್ರ ಬರೀ ನೀಲಿ ಕಲೆ. 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ವಾಲಿಬಾಲ್ ತಂಡಕ್ಕೆ ಕಂಚು ಬಂತಲ್ಲ, ಆ ಸಲದ ಕೊಯ್ಲು ಮುಗಿದ ಗದ್ದೆಯಲ್ಲೇ ಅಡಿಕೆ ಮರದ ಕಂಬ ನೆಟ್ಟದ್ದು ಅಂತ ಒಬ್ಬ ಹಿರಿಯರು. ಅಲ್ಲವೇ ಅಲ್ಲ, ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಇಟಲಿಯಲ್ಲಿ ಅಪಘಾತದಲ್ಲಿ ತೀರಿಕೊಂಡ ವರ್ಷ, 1987 ಅಂತ ಇನ್ನೊಬ್ಬರು. ಎರಡನ್ನೂ ಅಚ್ಚು ಹಾಕಿದ್ದೇನೆ. ಜಗಳ ಮುಂದುವರಿಯಲಿ.

ಬಿಡುಗಡೆಯ ದಿನ ಅಕ್ಕ ವೇದಿಕೆಗೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಪುಟ ತಿರುವುತ್ತಿದ್ದರು. ಎಲ್ಲ ಮುಗಿದು ಕುರ್ಚಿ ಮಡಚುವಾಗ ಹತ್ತಿರ ಬಂದು ಐದು ರೂಪಾಯಿಯ ನಾಣ್ಯ ನನ್ನ ಕೈಗಿಟ್ಟರು. "ಆ ದಂಡ ಕಟ್ಟಿದ್ದು ಎಲ್ಲೂ ಬರೆದಿಲ್ಲ. ರಶೀದಿ ಕೊಡು" ಅಂದರು.

ಕೊಟ್ಟೆ. ಬಾಲ್ ಪೆನ್ನಿನಲ್ಲೇ ಬರೆದು.